ಕೋಳಿಗೊಂದು ತೀರ್ಪು, ಸಾಕಿದವರಿಗೊಂದು ತೀರ್ಪು: ಅಮೆರಿಕದ ಮಕ್ಕಳ ಕೋಳಿ ಪ್ರದರ್ಶನಗಳು ನಡೆಯುವ ಬಗೆ

ಅಮೆರಿಕದಲ್ಲಿ ಬೇಸಿಗೆಯ ಕೊನೆಯ ತಿಂಗಳುಗಳಲ್ಲಿ ಕೌಂಟಿಗೊಂದರಂತೆ ಕೃಷಿ ಜಾತ್ರೆಗಳು ನಡೆಯುತ್ತವೆ. ಹೆಚ್ಚಿನ ಜಾತ್ರೆಗಳಲ್ಲಿ ಒಂದು ಕೊಟ್ಟಿಗೆ ಕೋಳಿಗಳಿಗೆಂದೇ ಮೀಸಲಾಗಿರುತ್ತದೆ. ಅಲ್ಲಿ ತಂತಿಗೂಡುಗಳ ಸಾಲುಗಳಿರುತ್ತವೆ, ಪ್ರತಿ ಗೂಡಿಗೂ ಒಂದು ಚೀಟಿ ಸಿಕ್ಕಿಸಿರುತ್ತದೆ, ಚೀಟಿಯ ಮೇಲೆ ನೀಲಿ, ಕೆಂಪು ಅಥವಾ ಬಿಳಿ ರಿಬ್ಬನ್ನು ತೂಗುತ್ತಿರುತ್ತದೆ. ಮೊದಲ ಸಲ ನೋಡುವವರಿಗೆ ಈ ರಿಬ್ಬನ್ನುಗಳ ತರ್ಕ ಸುಲಭಕ್ಕೆ ಹಿಡಿಯುವುದಿಲ್ಲ. ಏಳು ವಾರದ, ಅಗಲ ಎದೆಯ ಬಿಳಿ ಬ್ರಾಯ್ಲರ್ ಒಂದು ವಿಭಾಗದಲ್ಲಿ ಚಾಂಪಿಯನ್ ಆಗಿರುತ್ತದೆ, ಆದರೆ ಪಕ್ಕದ ತಳಿ ವಿಭಾಗದಲ್ಲಿ ಅದಕ್ಕೆ ಪ್ರವೇಶವೇ ಇರುವುದಿಲ್ಲ. ರೇಷ್ಮೆ ಎಳೆಯಂಥ ಗರಿಗಳ ಸಿಲ್ಕಿ ಕೋಳಿ ತಳಿ ವಿಭಾಗದಲ್ಲಿ ಎಲ್ಲರ ಕಣ್ಣು ಸೆಳೆದರೂ ಮೊಟ್ಟೆಯ ಲೆಕ್ಕ ಕೇಳುವಲ್ಲಿ ಹಿಂದೆ ಬೀಳುತ್ತದೆ. ಇನ್ನೊಂದು ಮೇಜಿನಲ್ಲಿ ತೀರಾ ಸಾಧಾರಣ ಹೇಂಟೆಯನ್ನು ಹಿಡಿದು ನಿಂತ ಮಗುವೊಂದು, ದುಬಾರಿ ಕೋಳಿ ತಂದವರನ್ನೆಲ್ಲ ಹಿಂದಿಕ್ಕಿ ಮೊದಲ ಸ್ಥಾನ ಪಡೆಯುತ್ತದೆ.

ಒಂದೇ ಸೂರಿನಡಿ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದಲೇ ಈ ಗೊಂದಲ. ಈ ಹಕ್ಕಿ ತನ್ನ ತಳಿಯ ಆದರ್ಶ ರೂಪಕ್ಕೆ ಎಷ್ಟು ಹತ್ತಿರವಿದೆ ಎಂಬುದು ಮೊದಲನೆಯದು. ಮಾಂಸವೋ ಮೊಟ್ಟೆಯೋ, ತಾನು ಮಾಡಬೇಕಾದ ಕೆಲಸವನ್ನು ಇದು ಎಷ್ಟು ಚೆನ್ನಾಗಿ ಮಾಡುತ್ತದೆ ಎಂಬುದು ಎರಡನೆಯದು. ಇದನ್ನು ಸಾಕಿದ ಮಗುವಿಗೆ ಇದರ ಬಗ್ಗೆ ಎಷ್ಟು ಗೊತ್ತಿದೆ ಎಂಬುದು ಮೂರನೆಯದು. ಯಾವ ರಿಬ್ಬನ್ನು ಯಾವ ಪ್ರಶ್ನೆಗೆ ಸಿಕ್ಕ ಉತ್ತರ ಎಂಬುದನ್ನು ಬೇರ್ಪಡಿಸಿಕೊಂಡರೆ ಉಳಿದದ್ದೆಲ್ಲ ಕ್ರಮೇಣ ತಿಳಿಯಾಗುತ್ತದೆ.

ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಹಳೆಯದು. 1840ರ ದಶಕದಲ್ಲಿ ಚೀನಾದ ಬಂದರುಗಳಿಂದ ಬಂದ ಭಾರೀ ಗಾತ್ರದ, ಕಾಲಿಗೂ ಗರಿಯಿರುವ ಕೋಳಿಗಳು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಅಂಗಳ ಸೇರಿದ ಮೇಲೆ ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಕೋಳಿಯ ಹುಚ್ಚು ಹತ್ತಿತು. 1849ರ ನವೆಂಬರಿನಲ್ಲಿ ಬಾಸ್ಟನ್ನಿನ ಸಾರ್ವಜನಿಕ ಉದ್ಯಾನದಲ್ಲಿ ಅಮೆರಿಕದ ಮೊದಲ ಕೋಳಿ ಪ್ರದರ್ಶನ ನಡೆಯಿತು. ಮುಂದಿನ ಕೆಲವು ವರ್ಷಗಳಲ್ಲಿ ಒಂದು ಜೋಡಿ ಕೋಳಿಗೆ ಜನ ಕೊಡುತ್ತಿದ್ದ ಬೆಲೆಯನ್ನು ಕಂಡವರು ಆ ಕಾಲವನ್ನೇ 'ಕೋಳಿ ಜ್ವರ'ದ ಕಾಲವೆಂದು ಕರೆದರು. ಈ ಜ್ವರದ ನಡುವೆ ಹೆಸರು ಪಡೆದ ತಳಿಗಳಲ್ಲಿ 'ಬ್ರಹ್ಮ' ಒಂದು. ಶಾಂಘೈನಿಂದ ಬಂದ ಹಕ್ಕಿಗಳಿಂದ ಅಮೆರಿಕದಲ್ಲಿ ರೂಪುಗೊಂಡ ಈ ತಳಿಗೆ ಚಿತ್ತಗಾಂಗ್ ಕಡೆಯ ಹಕ್ಕಿಗಳ ರಕ್ತವೂ ಸೇರಿದೆಯೆಂದು ನಂಬಲಾಗಿದ್ದು, ಅದರ ಮೊದಲ ಹೆಸರು ಬ್ರಹ್ಮಪುತ್ರ ಎಂದಿತ್ತು. ನಾಲಿಗೆಯ ಮೇಲೆ ಸವೆದು ಅದು ಬ್ರಹ್ಮ ಆಯಿತು. 1852ರಲ್ಲಿ ಜಾರ್ಜ್ ಬರ್ನ್‌ಹ್ಯಾಮ್ ಎಂಬ ಅಮೆರಿಕನ್ ಕೋಳಿ ವ್ಯಾಪಾರಿ ಈ ಬಗೆಯ ಹಕ್ಕಿಗಳನ್ನು ವಿಕ್ಟೋರಿಯಾಳಿಗೆ ಉಡುಗೊರೆಯಾಗಿ ಕಳಿಸಿ, ಆ ಸುದ್ದಿಯನ್ನೇ ಜಾಹೀರಾತು ಮಾಡಿಕೊಂಡು ಲಾಭ ಗಳಿಸಿದ.

ಆದರೆ ಬ್ರಹ್ಮ ಎಂದರೆ ಯಾವುದು, ಯಾವುದು ಅಲ್ಲ ಎಂದು ಹೇಳುವವರು ಯಾರು? ಒಂದೂರಿನ ತೀರ್ಪುಗಾರ ಮೆಚ್ಚಿದ ಹಕ್ಕಿಯನ್ನು ಮತ್ತೊಂದೂರಿನವನು ಬದಿಗೆ ಸರಿಸುತ್ತಿದ್ದ. ಈ ಜಗಳಗಳಿಗೆ ಪರಿಹಾರವಾಗಿ 1873ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಹುಟ್ಟಿಕೊಂಡಿತು, ಮರುವರ್ಷವೇ ತಳಿಗಳ ಲಕ್ಷಣಗಳನ್ನು ವಿವರಿಸುವ ಗ್ರಂಥವನ್ನು ಹೊರತಂದಿತು. ಇಂದು 'ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್' ಎಂಬ ಹೆಸರಿನ, ಮತ್ತೆ ಮತ್ತೆ ಪರಿಷ್ಕೃತವಾಗುತ್ತ ಬಂದ ಆ ಗ್ರಂಥವೇ ಪ್ರದರ್ಶನದ ಧರ್ಮಶಾಸ್ತ್ರ. ಕೋಳಿ ಜುಟ್ಟಿನ ಆಕಾರ, ಕಿವಿಹಾಲೆಯ ಬಣ್ಣ, ಬಾಲ ಎಷ್ಟು ಡಿಗ್ರಿ ಮೇಲೆದ್ದಿರಬೇಕು ಎಂಬ ಕೋನ, ಗರಿಯ ಬುಡದ ಬಣ್ಣ, ತೂಕ, ಹೀಗೆ ತಲೆಯಿಂದ ಉಗುರಿನವರೆಗೆ ಪ್ರತಿಯೊಂದಕ್ಕೂ ಅದರಲ್ಲಿ ವಿವರಣೆಯಿದೆ. ಉದಾಹರಣೆಗೆ ಪ್ಲಿಮತ್ ರಾಕ್ ತಳಿಯ ಬೆಳೆದ ಹುಂಜ ಸುಮಾರು 4.3 ಕೆ.ಜಿ., ಬೆಳೆದ ಹೇಂಟೆ ಸುಮಾರು 3.4 ಕೆ.ಜಿ. ತೂಗಬೇಕು. ಅದೇ ತಳಿಯ ಬ್ಯಾಂಟಮ್, ಅಂದರೆ ಗಿಡ್ಡ ರೂಪ, ಒಂದು ಕೆ.ಜಿ.ಯ ಆಸುಪಾಸಿನಲ್ಲೇ ಇರಬೇಕು.

ಮಕ್ಕಳು ಈ ರಂಗಕ್ಕೆ ಬಂದದ್ದು ಬೇರೆ ದಾರಿಯಿಂದ. 1902ರಲ್ಲಿ ಓಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಗ್ರಾಮೀಣ ಮಕ್ಕಳಿಗಾಗಿ ಒಂದು ಕೃಷಿ ಕೂಟ ಆರಂಭಿಸಿದ. ಹೊಸ ತಳಿ, ಹೊಸ ಪದ್ಧತಿ ಎಂದರೆ ಹಿರಿಯ ರೈತರು ಮುಖ ತಿರುಗಿಸುತ್ತಿದ್ದ ಕಾಲವದು. ಮಗ ಬೆಳೆದ ಮೆಕ್ಕೆಜೋಳದ ತೆನೆ ಅಪ್ಪನ ಹೊಲದ ತೆನೆಗಿಂತ ದಪ್ಪವಾಗಿದ್ದರೆ ಅಪ್ಪ ತಾನಾಗಿ ಬದಲಾಗುತ್ತಾನೆ ಎಂಬ ಜಾಣ ಲೆಕ್ಕಾಚಾರ ಇಂಥ ಕೂಟಗಳ ಹಿಂದಿತ್ತು. 1914ರ ಸ್ಮಿತ್-ಲೀವರ್ ಕಾಯಿದೆಯು ಕೃಷಿ ವಿಶ್ವವಿದ್ಯಾಲಯಗಳ ತಿಳಿವಳಿಕೆಯನ್ನು ರೈತರ ಮನೆಗೆ ಮುಟ್ಟಿಸುವ ವಿಸ್ತರಣಾ ಸೇವೆಯನ್ನು ದೇಶದುದ್ದಕ್ಕೂ ಸ್ಥಾಪಿಸಿದಾಗ ಈ ಕೂಟಗಳು ಅದರ ಆಶ್ರಯಕ್ಕೆ ಬಂದವು. ಬುದ್ಧಿ, ಹೃದಯ, ಕೈ, ಆರೋಗ್ಯ ಎಂಬ ನಾಲ್ಕು ಪದಗಳ ಇಂಗ್ಲಿಷ್ ಮೊದಲಕ್ಷರದಿಂದ ಫೋರ್-ಎಚ್ ಎಂಬ ಹೆಸರೂ, ನಾಲ್ಕೆಸಳಿನ ಹಸಿರು ಎಲೆಯ ಲಾಂಛನವೂ ನಿಂತವು. 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ' ಎಂಬ ಹೆಸರಿನಲ್ಲಿ ಹುಟ್ಟಿದ ಎಫ್‌ಎಫ್‌ಎ ಮಾತ್ರ ಶಾಲೆಯ ಕೃಷಿ ಪಾಠಕ್ಕೆ ಅಂಟಿಕೊಂಡಿರುವ ಸಂಸ್ಥೆ. ವಿಶ್ವವಿದ್ಯಾಲಯವು ಪಾಠ, ಸಂಶೋಧನೆ, ಹಳ್ಳಿಯ ವಿಸ್ತರಣೆ ಮೂರನ್ನೂ ಒಟ್ಟಿಗೆ ಹೊರಬೇಕೆಂಬ ಈ ಅಮೆರಿಕನ್ ಮಾದರಿ ನಮಗೂ ಹೊಸದಲ್ಲ. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆರಂಭವಾದದ್ದು ಇದೇ ಅಚ್ಚಿನಲ್ಲಿ. ವಿಸ್ತರಣೆ ನಮ್ಮಲ್ಲಿಗೆ ಬಂದರೂ ಅದರ ಮಕ್ಕಳ ಕೂಟದ ಭಾಗ ಅಷ್ಟು ಗಟ್ಟಿಯಾಗಿ ಬೇರೂರಲಿಲ್ಲವೆಂಬುದು ನನ್ನ ಗ್ರಹಿಕೆ.

ಫೋರ್-ಎಚ್‌ನಲ್ಲಿ ಸಾಮಾನ್ಯವಾಗಿ 8ರಿಂದ 18 ವರ್ಷದವರು ಸ್ಪರ್ಧಿಸುತ್ತಾರೆ. ಅದಕ್ಕಿಂತ ಚಿಕ್ಕವರು ಹಕ್ಕಿ ತಂದು ತೋರಿಸಬಹುದು, ಆದರೆ ಅವರನ್ನು ಒಬ್ಬರ ಮೇಲೊಬ್ಬರಂತೆ ಶ್ರೇಣಿಯಲ್ಲಿ ನಿಲ್ಲಿಸುವುದಿಲ್ಲ. ಹಸು, ಹಂದಿ, ಕುರಿಗಳ ಸ್ಪರ್ಧೆಗೆ ಜಮೀನೂ ಹಣವೂ ಬೇಕು. ಕೋಳಿಗೆ ಹಿತ್ತಲಿನ ಒಂದು ಮೂಲೆ ಸಾಕು. ನಗರದ ಅಂಚಿನ ಮಕ್ಕಳು, ವಲಸೆ ಬಂದ ಕುಟುಂಬಗಳ ಮಕ್ಕಳು ಪಶುಪ್ರದರ್ಶನದ ಲೋಕಕ್ಕೆ ಕಾಲಿಡಲು ಕೋಳಿಯ ಬಾಗಿಲೇ ಹೆಚ್ಚು ಅಗಲವಾಗಿರುವುದು ಇದೇ ಕಾರಣಕ್ಕೆ.

ಕೆಲಸ ಶುರುವಾಗುವುದು ಜಾತ್ರೆಯ ದಿನದಿಂದ ಹಿಂದಕ್ಕೆ ಎಣಿಸುವುದರಿಂದ. ಜುಲೈ ಅಥವಾ ಆಗಸ್ಟಿನ ಜಾತ್ರೆಗೆ ಹಕ್ಕಿ ಬಲಿತು, ಪೂರ್ಣ ಗರಿ ತೊಟ್ಟು ನಿಲ್ಲಬೇಕಾದರೆ ಬ್ರಹ್ಮದಂಥ ನಿಧಾನವಾಗಿ ಬೆಳೆಯುವ ದೊಡ್ಡ ತಳಿಗಳ ಮರಿ ಚಳಿಗಾಲದಲ್ಲೇ ಹೊರಬಂದಿರಬೇಕು. ಬ್ಯಾಂಟಮ್‌ಗಳಿಗೆ ಸ್ವಲ್ಪ ತಡವಾದರೂ ನಡೆಯುತ್ತದೆ. ಕೋಳಿಮೊಟ್ಟೆಗೆ 21 ದಿನ, ಬಾತುಮೊಟ್ಟೆಗೆ 28 ದಿನ ಕಾವು ಬೇಕೆಂಬುದನ್ನೂ ಈ ಎಣಿಕೆಗೆ ಸೇರಿಸಿಕೊಳ್ಳಬೇಕು. ಮನೆಯಲ್ಲಿ ಕಾವು ಕೊಡದವರು ಹ್ಯಾಚರಿಯಿಂದ ಒಂದು ದಿನದ ಮರಿಗಳನ್ನು ಅಂಚೆಯಲ್ಲಿ ತರಿಸುತ್ತಾರೆ. ನಂಬಲು ಕಷ್ಟವಾದರೂ ಅಮೆರಿಕದ ಅಂಚೆ ಇಲಾಖೆ 1918ರಿಂದ ಜೀವಂತ ಮರಿಗಳನ್ನು ಸಾಗಿಸುತ್ತಿದೆ. ಹೊರಬರುವ ಮುನ್ನ ಮರಿ ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುವುದರಿಂದ ಮೊದಲ ಎರಡು ಮೂರು ದಿನ ಮೇವು ನೀರಿಲ್ಲದೆ ಅದು ಬದುಕಬಲ್ಲದು. ಪೆಟ್ಟಿಗೆಯಲ್ಲಿ ಒಟ್ಟಾಗಿರುವ ಮರಿಗಳು ಒಂದರ ಮೈಶಾಖಕ್ಕೆ ಇನ್ನೊಂದು ಒತ್ತಿಕೊಂಡು ಬೆಚ್ಚಗಿರುತ್ತವೆ.

ಮರಿ ಬಂದಿಳಿದ ಮೇಲೆ ಅವನ್ನು ಬೆಚ್ಚಗಿಡುವ ಗೂಡಾದ ಬ್ರೂಡರಿನ ಶಾಖ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಯಬೇಕು. ಉಷ್ಣಮಾಪಕಕ್ಕಿಂತ ಮರಿಗಳ ನಡೆಯನ್ನೇ ನಂಬಿ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ದೀಪದ ಕೆಳಗೆ ಗುಂಪುಗಟ್ಟಿ ಚೀರುತ್ತಿದ್ದರೆ ಚಳಿಯಾಗಿದೆ, ಅಂಚಿಗೆ ಓಡಿ ಬಾಯಿ ತೆರೆದು ಏದುತ್ತಿದ್ದರೆ ಸೆಕೆಯಾಗಿದೆ, ಎಲ್ಲೆಡೆ ಹರಡಿಕೊಂಡು ಸುಮ್ಮನೆ ಮೇಯುತ್ತಿದ್ದರೆ ಸರಿಯಾಗಿದೆ. ಮೇವಿನಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಪ್ರೋಟೀನಿನ ಪ್ರಮಾಣ. ಮೊಟ್ಟೆ ತಳಿಯ ಮರಿಗೆ ಶೇಕಡಾ 18ರಿಂದ 20 ಸಾಕಾದರೆ ಬ್ರಾಯ್ಲರ್ ಮರಿಗೆ ಇನ್ನೂ ಹೆಚ್ಚು, ಟರ್ಕಿ ಮರಿಗೆ ಸುಮಾರು 28 ಬೇಕು. ಗರಿ ಎಂದರೆ ಬಹುಪಾಲು ಪ್ರೋಟೀನೇ. ಆದ್ದರಿಂದ ಬೆಳೆಯುವ ಕಾಲದಲ್ಲಿ ಮೇವಿಗೆ ಜಿಪುಣತನ ತೋರಿದವರಿಗೆ ಅದರ ಫಲ ತಿಂಗಳುಗಳ ನಂತರ ಗೂಡಿನಲ್ಲಿ ಬಡಕಲು ಗರಿಯಾಗಿ ಕಾಣಿಸುತ್ತದೆ.

ಎಷ್ಟು ಚೆನ್ನಾಗಿ ಸಾಕಿದರೂ ತಿದ್ದಲಾಗದ ದೋಷಗಳಿವೆ. ಒಂಟಿ ಜುಟ್ಟಿನ ಪಕ್ಕದಲ್ಲಿ ಮುಳ್ಳಿನಂತೆ ಮೊಳೆತ ಹೆಚ್ಚುವರಿ ಚಿಗುರು, ಒಂದೇ ಬದಿಗೆ ಕಾಯಂ ಆಗಿ ವಾಲಿದ ಬಾಲ, ಬರಿಗಾಲು ಇರಬೇಕಾದ ತಳಿಯ ಕಾಲಲ್ಲಿ ಇಣುಕಿದ ಪುಟ್ಟ ಗರಿ, ಸೊಟ್ಟ ಕೊಕ್ಕು, ಇವೆಲ್ಲ ಹುಟ್ಟಿನಿಂದ ಬಂದವು ಮತ್ತು ಮುಂದಿನ ಪೀಳಿಗೆಗೂ ಹೋಗುವಂಥವು. ಇಂಥದ್ದು ಕಂಡ ಕೂಡಲೇ ತೀರ್ಪುಗಾರ ಹಕ್ಕಿಯನ್ನು ಅನರ್ಹಗೊಳಿಸುತ್ತಾನೆ. ಕಾಲಿನ ಗರಿಯನ್ನು ಕಿತ್ತು, ತಪ್ಪು ಬಣ್ಣದ ಗರಿಗೆ ಬಣ್ಣ ಹಚ್ಚಿ ಮರೆಮಾಚಿದರೆ ಅದು ದೋಷವಲ್ಲ, ಮೋಸ.

ತಳಿಶಾಸ್ತ್ರ ಎಷ್ಟು ಆಳಕ್ಕೆ ಎಳೆಯಬಲ್ಲದು ಎಂಬುದಕ್ಕೆ ಪಟ್ಟೆಯ ಪ್ಲಿಮತ್ ರಾಕ್ ಒಳ್ಳೆಯ ಉದಾಹರಣೆ. ಇದರ ಪ್ರತಿ ಗರಿಯಲ್ಲೂ ಕಪ್ಪು ಬಿಳಿ ಪಟ್ಟೆಗಳು ಅಡ್ಡಕ್ಕೆ ಸಾಲಾಗಿ ಬರುತ್ತವೆ. ಗರಿ ಬೆಳೆಯುವಾಗ ಬಣ್ಣ ಇಳಿಯುವುದನ್ನು ಆಗಾಗ ತಡೆಯುವ ಒಂದು ಜೀನು ಈ ಪಟ್ಟೆಗಳಿಗೆ ಕಾರಣ. ಅದು ಕೂತಿರುವುದು ಲಿಂಗ ನಿರ್ಧರಿಸುವ ವರ್ಣತಂತುವಿನ ಮೇಲೆ. ಮನುಷ್ಯರಲ್ಲಿ ಹೆಣ್ಣಿಗೆ ಒಂದೇ ಬಗೆಯ ಎರಡು ಲಿಂಗ ವರ್ಣತಂತುಗಳಿದ್ದರೆ ಕೋಳಿಗಳಲ್ಲಿ ಅದು ತಲೆಕೆಳಗು: ಹುಂಜಕ್ಕೆ ಎರಡು, ಹೇಂಟೆಗೆ ಒಂದೇ. ಹೀಗಾಗಿ ಹುಂಜಕ್ಕೆ ಪಟ್ಟೆಯ ಜೀನು ಎರಡು ಪಾಲು ಸಿಗುತ್ತದೆ, ಬಿಳಿಯ ಪಟ್ಟೆ ಅಗಲವಾಗಿ ಹುಂಜ ತಿಳಿಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದೇ ಪಾಲು ಪಡೆದ ಹೇಂಟೆ ಗಾಢವಾಗಿಯೇ ಉಳಿಯುತ್ತದೆ. ಪ್ರದರ್ಶಕರಿಗೆ ಬೇಕಾದದ್ದು ಮಾತ್ರ ಅಕ್ಕಪಕ್ಕ ನಿಲ್ಲಿಸಿದಾಗ ಹೆಚ್ಚು ಕಡಿಮೆ ಒಂದೇ ಛಾಯೆಯಲ್ಲಿ ಕಾಣುವ ಜೋಡಿ. ಪ್ರಕೃತಿ ಕೊಡದ ಇದನ್ನು ಪಡೆಯಲು ಹಿಂದಿನ ತಳಿಗಾರರು ಎರಡು ಪ್ರತ್ಯೇಕ ವಂಶಗಳನ್ನು ಇಟ್ಟುಕೊಂಡರು. ಒಂದರಲ್ಲಿ ಹುಂಜಗಳು ಪ್ರದರ್ಶನಕ್ಕೆ ತಕ್ಕಷ್ಟು ಗಾಢವಾಗಿ ಬರುತ್ತವೆ, ಆದರೆ ಅವುಗಳ ಅಕ್ಕತಂಗಿಯರು ಕಪ್ಪಾಗಿ ಕೆಲಸಕ್ಕೆ ಬಾರದಂತಾಗುತ್ತವೆ. ಇನ್ನೊಂದರಲ್ಲಿ ಹೇಂಟೆಗಳು ಸರಿಯಾಗಿ ಬರುತ್ತವೆ, ಅಣ್ಣತಮ್ಮಂದಿರು ತೀರಾ ಬೆಳ್ಳಗಾಗುತ್ತವೆ. ಅಂದರೆ ಗೂಡಿನಲ್ಲಿ ಜೊತೆಯಾಗಿ ನಿಂತ ಗೆದ್ದ ಹುಂಜ ಮತ್ತು ಗೆದ್ದ ಹೇಂಟೆಯನ್ನು ಜೋಡಿ ಮಾಡಿದರೆ ಅವಕ್ಕೆ ಗೆಲ್ಲುವ ಮರಿ ಹುಟ್ಟುವುದೆಂಬ ಖಾತರಿಯಿಲ್ಲ. ಮೊದಲ ವರ್ಷ ಚಾಂಪಿಯನ್ ಜೋಡಿಯನ್ನು ಕೊಂಡುತಂದು ಮರುವರ್ಷ ಪೆಚ್ಚಾಗುವ ಮಕ್ಕಳು ಜೀವಶಾಸ್ತ್ರದ ಈ ಪಾಠವನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಕಲಿಯುತ್ತಾರೆ.

ಪ್ರದರ್ಶನಕ್ಕೆ ನಾಲ್ಕಾರು ವಾರವಿರುವಾಗ ಹಕ್ಕಿಗೆ ಗೂಡಿನ ಅಭ್ಯಾಸ ಆರಂಭವಾಗುತ್ತದೆ. ಅಂಗಳದಲ್ಲಿ ಓಡಾಡಿಕೊಂಡಿದ್ದ ಕೋಳಿ ಸಣ್ಣ ತಂತಿಗೂಡಿನಲ್ಲಿ ಅಪರಿಚಿತ ಕೈ ಕಂಡರೆ ಗೋಡೆಗೆ ಬಡಿದುಕೊಂಡು ಗರಿ ಮುರಿದುಕೊಳ್ಳುತ್ತದೆ. ಮುರಿದ ಗರಿ ತಾನಾಗಿ ಉದುರುವವರೆಗೆ ಹಾಗೆಯೇ ಉಳಿಯುತ್ತದೆ, ಬೇರುಸಹಿತ ಕಿತ್ತರೆ ಹೊಸದು ಬರಲು ಆರೇಳು ವಾರ ಬೇಕು. ಹಾಗಾಗಿ ದಿನವೂ ಹೊರತೆಗೆದು, ಮೇಜಿನ ಮೇಲೆ ನಿಲ್ಲಿಸಿ, ಮುಟ್ಟಿ, ಮತ್ತೆ ಒಳಗಿಡುವ ಕ್ರಮವನ್ನು ಮಕ್ಕಳು ತಪ್ಪದೆ ಪಾಲಿಸುತ್ತಾರೆ. ರೆಕ್ಕೆಯ ಕೆಳಗೆ ಮತ್ತು ಬಾಲದ ಬುಡದಲ್ಲಿ ಹೇನು, ಉಣ್ಣಿಗಳಿವೆಯೇ ಎಂದು ಗರಿ ಬಿಡಿಸಿ ನೋಡುವುದೂ ಆಗಲೇ. ಬಿಳಿ ಕೋಳಿಗಳಿಗೆ ನೆರಳು ಬೇಕು, ಏಕೆಂದರೆ ಬಿಸಿಲಿಗೆ ಬಿಳಿ ಗರಿ ಹಿತ್ತಾಳೆಯಂತೆ ಹಳದಿಗೆ ತಿರುಗುತ್ತದೆ.

ಸ್ನಾನ ಪ್ರದರ್ಶನಕ್ಕೆ ಎರಡು ಮೂರು ದಿನ ಮೊದಲು ಆಗಬೇಕು. ಹಿಂದಿನ ದಿನವೇ ತೊಳೆದರೆ ಹಕ್ಕಿ ತನ್ನ ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಗರಿಗೆ ಮತ್ತೆ ಸವರಿಕೊಳ್ಳಲು ಸಮಯ ಸಿಗುವುದಿಲ್ಲ, ಹೊಳಪು ಬರುವುದಿಲ್ಲ. ಸಾಲಾಗಿ ಮೂರು ಟಬ್ಬುಗಳಿರುತ್ತವೆ: ಮೊದಲನೆಯದರಲ್ಲಿ ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಸೋಪು, ಎರಡನೆಯದರಲ್ಲಿ ಸೋಪಿನ ಜಿಡ್ಡು ಬಿಡಿಸಲು ಸ್ವಲ್ಪ ವಿನಿಗರ್ ಬೆರೆಸಿದ ನೀರು, ಮೂರನೆಯದರಲ್ಲಿ ಬರೀ ನೀರು. ಗರಿಯನ್ನು ಬೆಳೆದ ದಿಕ್ಕಿನಲ್ಲೇ ಸವರಬೇಕು, ಎದುರು ತಿಕ್ಕಿದರೆ ಎಳೆಗಳು ಬಿಟ್ಟುಹೋಗುತ್ತವೆ. ಕಾಲಿನ ಹುರುಪೆಗಳ ನಡುವಿನ ಮಣ್ಣಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬಳಸುತ್ತಾರೆ. ಬೆಚ್ಚನೆಯ ನೀರಿನಲ್ಲಿ ಹೆಚ್ಚಿನ ಕೋಳಿಗಳು ವಿಚಿತ್ರವೆನಿಸುವಷ್ಟು ಶಾಂತವಾಗುತ್ತವೆ, ಕೆಲವು ನಿದ್ದೆಗೇ ಜಾರುವುದುಂಟು. ಅದಕ್ಕೇ ತಲೆ ನೀರಿಗೆ ಬೀಳದಂತೆ ಒಂದು ಕೈ ಸದಾ ಹಿಡಿದಿರಬೇಕು.

ಜಾತ್ರೆಯ ಬಾಗಿಲಲ್ಲಿ ಮೊದಲು ಎದುರಾಗುವುದು ತೀರ್ಪುಗಾರನಲ್ಲ, ಆರೋಗ್ಯ ತಪಾಸಣೆ. ಮರಿಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ, ಮೊಟ್ಟೆಯ ಮೂಲಕ ತಾಯಿಯಿಂದ ಮರಿಗೆ ದಾಟುವ ಪುಲ್ಲೋರಮ್ ರೋಗವನ್ನು ತಡೆಯಲು 1935ರಲ್ಲಿ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ ಆರಂಭವಾಯಿತು. ಬಹುತೇಕ ರಾಜ್ಯಗಳಲ್ಲಿ ಆ ಯೋಜನೆಯ ಪ್ರಮಾಣಪತ್ರವಿರುವ ಹಿಂಡಿನಿಂದ ಬಂದ ಅಥವಾ ಇತ್ತೀಚೆಗೆ ಪರೀಕ್ಷೆಯಾದ ಕೋಳಿಗೆ ಮಾತ್ರ ಒಳಗೆ ಅವಕಾಶ. ಪರೀಕ್ಷೆ ಸರಳ. ರೆಕ್ಕೆಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ನೇರಳೆ ಬಣ್ಣದ ದ್ರಾವಣದ ಹನಿಯೊಂದಿಗೆ ಬೆರೆಸುತ್ತಾರೆ. ಎರಡು ನಿಮಿಷದೊಳಗೆ ಅದು ಹರಳುಹರಳಾಗಿ ಗಟ್ಟಿಕಟ್ಟಿದರೆ ಸೋಂಕಿನ ಶಂಕೆ.

ಒಳಗೆ ಹೋದ ಮೇಲೆ ಹಕ್ಕಿಗಳನ್ನು ವರ್ಗ, ತಳಿ, ಬಣ್ಣ, ವಯಸ್ಸು, ಲಿಂಗ ಎಂಬ ಕ್ರಮದಲ್ಲಿ ಇಡುತ್ತಾರೆ. ಒಂದು ವರ್ಷ ತುಂಬಿದ ಹುಂಜ ಮತ್ತು ಹೇಂಟೆ, ವರ್ಷ ತುಂಬದ ಎಳೆಹುಂಜ ಮತ್ತು ಎಳೆಹೇಂಟೆ ಎಂದು ನಾಲ್ಕು ಗುಂಪು. ಕಾಲಿನ ಪಟ್ಟಿಯ ಸಂಖ್ಯೆಯೂ ಚೀಟಿಯ ಸಂಖ್ಯೆಯೂ ಹೊಂದಬೇಕು. ಒಂದು ಬಣ್ಣದೊಳಗೆ ಗೆದ್ದದ್ದು ತಳಿಯ ಮಟ್ಟಕ್ಕೆ, ತಳಿಯಲ್ಲಿ ಗೆದ್ದದ್ದು ವರ್ಗದ ಮಟ್ಟಕ್ಕೆ, ಅಲ್ಲಿಂದ ಇಡೀ ಪ್ರದರ್ಶನದ ಚಾಂಪಿಯನ್ ಪಟ್ಟಕ್ಕೆ ಏರುತ್ತದೆ. ಮಕ್ಕಳ ಅನೇಕ ಪ್ರದರ್ಶನಗಳಲ್ಲಿ ಇದರ ಜೊತೆಗೆ 'ಡ್ಯಾನಿಶ್ ಪದ್ಧತಿ' ಎಂಬ ಇನ್ನೊಂದು ಕ್ರಮವಿದೆ. ಅದರಲ್ಲಿ ಹಕ್ಕಿಗಳನ್ನು ಒಂದಕ್ಕೊಂದು ಹೋಲಿಸದೆ, ಪ್ರತಿಯೊಂದನ್ನೂ ಆದರ್ಶಕ್ಕೆ ಹೋಲಿಸಿ ನೀಲಿ, ಕೆಂಪು, ಬಿಳಿ ಎಂದು ದರ್ಜೆ ಕೊಡುತ್ತಾರೆ. ಹತ್ತೂ ಹಕ್ಕಿ ಉತ್ತಮವಾಗಿದ್ದರೆ ಹತ್ತಕ್ಕೂ ನೀಲಿ ಸಿಗಬಹುದು. ಎಲ್ಲರಿಗೂ ಬಹುಮಾನ ಹಂಚುವ ಮೃದುತನವೆಂದು ಇದನ್ನು ಟೀಕಿಸುವವರಿದ್ದಾರೆ. ನನಗೆ ಇದು ಹೆಚ್ಚು ಪ್ರಾಮಾಣಿಕವೆನಿಸುತ್ತದೆ, ಏಕೆಂದರೆ ತನ್ನ ತಳಿಯಲ್ಲಿ ಒಂದೇ ಒಂದು ಹಕ್ಕಿ ಬಂದಿದ್ದಕ್ಕೆ ಮೊದಲ ಸ್ಥಾನ ಪಡೆದ ಮಗುವಿಗೆ ಆ ಸ್ಥಾನ ಏನನ್ನೂ ಹೇಳುವುದಿಲ್ಲ.

ಇನ್ನು ಮಗುವಿನ ಮೇಲಿನ ತೀರ್ಪು. 'ಶೋಮನ್‌ಶಿಪ್' ಎನ್ನುವ ಈ ವಿಭಾಗದಲ್ಲಿ ಹಕ್ಕಿ ಬರೀ ನೆಪ. ಬಿಳಿ ಕೋಟು ಅಥವಾ ಉದ್ದ ತೋಳಿನ ಬಿಳಿ ಅಂಗಿ ತೊಟ್ಟ ಸ್ಪರ್ಧಿ ಗೂಡಿನಿಂದ ಹಕ್ಕಿಯನ್ನು ತಲೆ ಮೊದಲಾಗಿ ಹೊರತೆಗೆದು, ಎದೆಮೂಳೆ ಅಂಗೈ ಮತ್ತು ಮುಂಗೈ ಮೇಲೆ ಒರಗುವಂತೆ, ಎರಡೂ ಕಾಲು ಬೆರಳುಗಳ ಸಂದಿಯಲ್ಲಿ ಸಿಕ್ಕುವಂತೆ, ತಲೆ ಮೊಣಕೈ ಕಡೆಗಿರುವಂತೆ ಹಿಡಿಯಬೇಕು. ಆಮೇಲೆ ಕ್ರಮವಾಗಿ ಒಂದೊಂದೇ ಭಾಗ ತೋರಿಸಬೇಕು: ಕಣ್ಣು, ಕೊಕ್ಕು, ಜುಟ್ಟು, ಬೀಸಣಿಗೆಯಂತೆ ಬಿಡಿಸಿದ ರೆಕ್ಕೆ, ಊದಿ ಅಥವಾ ಬೆರಳಿನಿಂದ ಸರಿಸಿ ಕಾಣಿಸುವ ಗರಿಯ ಬುಡದ ಬಣ್ಣ, ಎದೆಮೂಳೆ ನೇರವಿದೆಯೇ, ಬಾಲದ ಕೆಳಗಿನ ಎರಡು ಚೂಪು ಮೂಳೆಗಳ ನಡುವೆ ಎಷ್ಟು ಬೆರಳು ಹಿಡಿಸುತ್ತದೆ, ಕಾಲು, ಉಗುರು. ಈ ನಡುವೆ ಪ್ರಶ್ನೆಗಳು ಬರುತ್ತಿರುತ್ತವೆ. ರೆಕ್ಕೆಯ ತುದಿಯ ಪ್ರಧಾನ ಗರಿಗಳು ಎಷ್ಟು, ಅವನ್ನು ಒಳಗಿನ ಗರಿಗಳಿಂದ ಬೇರ್ಪಡಿಸುವ ಗಿಡ್ಡ ಗರಿ ಯಾವುದು, ನಿನ್ನ ಕೋಳಿಯ ಜುಟ್ಟು ಯಾವ ಬಗೆಯದು, ಈ ತಳಿಯನ್ನು ಅನರ್ಹಗೊಳಿಸುವ ದೋಷ ಯಾವುದು? ಪ್ರಧಾನ ಗರಿ ಹತ್ತು ಎಂದು ಬಾಯಿಪಾಠ ಒಪ್ಪಿಸಿದರೆ ಸಾಲದು, ಎಣಿಸಿ ತೋರಿಸು ಎಂದು ತೀರ್ಪುಗಾರ ಹೇಳಿಯಾನು. ಕೊನೆಗೆ ಹಕ್ಕಿಯನ್ನು ತಲೆ ಮೊದಲಾಗಿಯೇ ಗೂಡಿಗೆ ಸೇರಿಸಿ, ತಿರುಗಿಸಿ, ತಳಿಗೆ ತಕ್ಕ ಭಂಗಿಯಲ್ಲಿ ನಿಲ್ಲಿಸಬೇಕು. ಮಗು ಗಾಬರಿಯಾದರೆ ಹಕ್ಕಿಗೂ ಅದು ತಟ್ಟುತ್ತದೆ. ಮೇಜಿನಿಂದ ಹಾರಿದ ಹುಂಜವನ್ನು ಕೂಗಾಡದೆ ಹಿಡಿದು ತಂದು, ಬಿಟ್ಟ ಕಡೆಯಿಂದಲೇ ಮುಂದುವರಿಸಿದವರಿಗೆ ತೀರ್ಪುಗಾರರು ಅಂಕ ಕಳೆಯುವುದಕ್ಕಿಂತ ಕೊಡುವುದೇ ಹೆಚ್ಚು.

ಉಪಯೋಗದ ವಿಭಾಗಕ್ಕೆ ಬಂದರೆ ಹವೆಯೇ ಬದಲಾಗುತ್ತದೆ. ಇಲ್ಲಿನ ಬ್ರಾಯ್ಲರ್ ಮಿಶ್ರತಳಿಯದು. ಅದರ ಒಂದು ಬದಿ ಪ್ಲಿಮತ್ ರಾಕ್, ಇನ್ನೊಂದು ಬದಿ ಕಾರ್ನಿಶ್. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ರೂಪುಗೊಂಡ ಕಾರ್ನಿಶ್‌ನ ಹಳೆಯ ಹೆಸರು 'ಇಂಡಿಯನ್ ಗೇಮ್'. ನಮ್ಮ ಕೋಳಿಅಂಕದ ಕಣಗಳಿಗೆ ಪರಿಚಿತವಾದ ಅಸೀಲ್ ಕೋಳಿಯ ರಕ್ತ ಅದರಲ್ಲಿದೆ. ಕಾದಾಡಲೆಂದು ಬೆಳೆಸಿದ ಅಸೀಲ್‌ನ ಅಗಲ ಎದೆಯೇ ಇಂದು ಜಗತ್ತಿನ ಚಿಕನ್ ಅಂಗಡಿಗಳ ಎದೆಮಾಂಸದ ಒಂದು ಮೂಲ ಎಂಬುದು ಇತಿಹಾಸದ ತಮಾಷೆ. ಈ ಬ್ರಾಯ್ಲರ್ ರೂಪುಗೊಂಡದ್ದರಲ್ಲಿ ಸ್ಪರ್ಧೆಯ ಪಾತ್ರವೂ ಇದೆ. ಎ ಆ್ಯಂಡ್ ಪಿ ಎಂಬ ದಿನಸಿ ಅಂಗಡಿಗಳ ಸಂಸ್ಥೆ ಅಮೆರಿಕದ ಕೃಷಿ ಇಲಾಖೆಯ ಜೊತೆ ಸೇರಿ ನಡೆಸಿದ 'ನಾಳಿನ ಕೋಳಿ' ಸ್ಪರ್ಧೆಯ ರಾಷ್ಟ್ರೀಯ ಸುತ್ತು 1948ರಲ್ಲಿ ಡೆಲಾವೇರ್ ರಾಜ್ಯದಲ್ಲಿ ನಡೆದಾಗ ಮುಂದೆ ಬಂದ ವಂಶಗಳೇ ಆಧುನಿಕ ಮಾಂಸದ ಕೋಳಿಗೆ ಅಡಿಪಾಯವಾದವು.

ಮಕ್ಕಳ ಬ್ರಾಯ್ಲರ್ ಸ್ಪರ್ಧೆಯಲ್ಲಿ ನ್ಯಾಯ ಇರಲೆಂದು ಹಲವೆಡೆ ಎಲ್ಲರಿಗೂ ಒಂದೇ ಹ್ಯಾಚರಿಯ, ಒಂದೇ ದಿನ ಹುಟ್ಟಿದ ಮರಿಗಳನ್ನು ರೆಕ್ಕೆಗೆ ಗುರುತಿನ ಪಟ್ಟಿ ಹಾಕಿ ಹಂಚುತ್ತಾರೆ. ತಳಿಯಲ್ಲಿ ವ್ಯತ್ಯಾಸವೇ ಇಲ್ಲದ ಮೇಲೆ ಉಳಿಯುವುದು ಸಾಕಣೆ ಮಾತ್ರ. ಆರರಿಂದ ಎಂಟು ವಾರದಲ್ಲಿ ಇಡೀ ಆಟ ಮುಗಿಯುತ್ತದೆ. ಮೇವು, ಗಾಳಿ, ಒಣ ಹಾಸು, ಸೆಕೆಯ ನಿಯಂತ್ರಣ ಯಾವುದರಲ್ಲಿ ಒಂದು ದಿನ ತಪ್ಪಿದರೂ ಸರಿಪಡಿಸಲು ಅವಧಿ ಉಳಿಯುವುದಿಲ್ಲ. ಕೊನೆಗೆ ಹಿಂಡಿನಿಂದ ಮೂರು ಹಕ್ಕಿ ಆರಿಸಿ ಒಟ್ಟಿಗೆ ನಿಲ್ಲಿಸಬೇಕು. ತೀರ್ಪುಗಾರ ಎದೆಯ ಅಗಲ, ಉದ್ದ, ತೊಡೆಯ ತುಂಬುತನಗಳನ್ನು ಕೈಯಿಂದ ಮುಟ್ಟಿ ಅಳೆಯುತ್ತಾನೆ, ಎದೆಯ ಮೇಲೆ ಬೊಬ್ಬೆ, ತರಚುಗಾಯಗಳಿವೆಯೇ ನೋಡುತ್ತಾನೆ. ಎರಡು ಅದ್ಭುತ ಹಕ್ಕಿ ಮತ್ತು ಒಂದು ಬಡಕಲು ಹಕ್ಕಿ ತಂದವರು, ಒಂದೇ ಅಚ್ಚಿನ ಮೂರು ಒಳ್ಳೆಯ ಹಕ್ಕಿ ತಂದವರೆದುರು ಸೋಲುತ್ತಾರೆ. ಅತಿ ದೊಡ್ಡದನ್ನು ಆರಿಸುವ ಮೋಹವನ್ನು ಬಿಡುವುದೇ ಇಲ್ಲಿನ ಕಷ್ಟದ ಕಲಿಕೆ.

ಗೆದ್ದವುಗಳ ಹರಾಜು ನಡೆಯುತ್ತದೆ. ಊರಿನ ಅಂಗಡಿ, ಬ್ಯಾಂಕುಗಳವರು ಮಾರುಕಟ್ಟೆ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು ಕೊಳ್ಳುವುದು ಕೋಳಿಗಾಗಿಯಲ್ಲ, ಮಗುವಿನ ಓದಿಗೆ ನೆರವಾಗಿ. 1932ರಿಂದ ನಡೆಯುತ್ತಿರುವ ಹ್ಯೂಸ್ಟನ್ ಪಶುಪ್ರದರ್ಶನದಂಥ ದೊಡ್ಡ ಕಡೆಗಳಲ್ಲಿ ಚಾಂಪಿಯನ್ ಬ್ರಾಯ್ಲರುಗಳ ಬೆಲೆ ಲಕ್ಷ ಡಾಲರ್ ದಾಟಿದ್ದುಂಟು. ಆದರೆ ಹಲವು ಮಾಂಸದ ವಿಭಾಗಗಳ ಹಕ್ಕಿಗಳು ಮನೆಗೆ ಮರಳುವುದಿಲ್ಲ, ನೇರವಾಗಿ ಕಸಾಯಿಖಾನೆಗೆ ಹೋಗುತ್ತವೆ. ಒಂಬತ್ತು ವರ್ಷದ ಮಗುವಿಗೆ ಇದನ್ನು ಮೊದಲೇ ಹೇಳಬೇಕು, ಮರಿ ಬಂದ ದಿನವೇ ಹೇಳಬೇಕು ಎಂದು ಅನುಭವಿ ಮಾರ್ಗದರ್ಶಕರು ಒತ್ತಿ ಹೇಳುತ್ತಾರೆ. ಇಷ್ಟು ಎಳೆಯರಿಗೆ ಇದು ಬೇಕೇ ಎಂಬ ಆಕ್ಷೇಪ ಅಮೆರಿಕದಲ್ಲೂ ಇದೆ, ಅದು ತಳ್ಳಿಹಾಕುವಂಥದ್ದಲ್ಲ. ಸಾಕಿದ ಕೋಳಿಯನ್ನು ಹಬ್ಬಕ್ಕೆ ಕೊಯ್ಯುವುದನ್ನು ನೋಡುತ್ತ ಬೆಳೆದ ನಮ್ಮ ಹಳ್ಳಿಯ ಮಕ್ಕಳಿಗೆ ಈ ಚರ್ಚೆ ಸ್ವಲ್ಪ ವಿಚಿತ್ರವಾಗಿ ಕಂಡೀತು.

ಮೊಟ್ಟೆಕೋಳಿಯನ್ನು ಅಳೆಯುವ ವಿದ್ಯೆ ಇದಕ್ಕಿಂತ ಸೂಕ್ಷ್ಮ. ಹಕ್ಕಿಯನ್ನು ಹಿಂದೆಂದೂ ನೋಡಿರದವರು, ಪುಸ್ತಕದ ಲೆಕ್ಕ ತೆರೆಯದೆ, ಅದು ಕಳೆದ ತಿಂಗಳುಗಳಲ್ಲಿ ಎಷ್ಟು ಮೊಟ್ಟೆ ಇಟ್ಟಿರಬಹುದೆಂದು ಮೈನೋಡಿ ಅಂದಾಜು ಮಾಡಬಹುದು. ಹಳದಿ ಚರ್ಮದ ತಳಿಗಳಲ್ಲಿ ಮೆಕ್ಕೆಜೋಳದಂಥ ಮೇವಿನಿಂದ ಬಂದ ಹಳದಿ ಬಣ್ಣ ಮೊದಲು ಚರ್ಮ ಮತ್ತು ಕಾಲಿನಲ್ಲಿ ಸೇರಿರುತ್ತದೆ. ಮೊಟ್ಟೆ ಇಡತೊಡಗಿದ ಮೇಲೆ ಹೊಸ ಬಣ್ಣವೆಲ್ಲ ಮೊಟ್ಟೆಯ ಹಳದಿಗೆ ಹರಿದುಹೋಗಿ, ಮೈಯ ಬಣ್ಣ ಒಂದು ನಿಶ್ಚಿತ ಕ್ರಮದಲ್ಲಿ ಮಾಸುತ್ತದೆ. ಮೊದಲು ಮೊಟ್ಟೆ ಬರುವ ದ್ವಾರದ ಸುತ್ತ, ನಂತರ ಕಣ್ಣಿನ ಸುತ್ತಲಿನ ಉಂಗುರ, ಕಿವಿಹಾಲೆ, ಬುಡದಿಂದ ತುದಿಗೆ ಕೊಕ್ಕು, ಪಾದದ ಅಡಿ, ಕೊನೆಗೆ ಕಾಲು. ಕಾಲು ಪೂರ್ತಿ ಬಿಳಿಚಲು ನಾಲ್ಕು ತಿಂಗಳಷ್ಟು ಬೇಕಾಗುವುದರಿಂದ, ಬಿಳಿಚಿದ ಕಾಲಿನ ಕೋಳಿ ದೀರ್ಘಕಾಲದ ದುಡಿಮೆಗಾರ್ತಿ. ಮೊಟ್ಟೆ ನಿಂತರೆ ಅದೇ ಕ್ರಮದಲ್ಲಿ ಬಣ್ಣ ಹಿಂದಿರುಗುತ್ತದೆ. ಹಾಗಾಗಿ ದ್ವಾರ ಹಳದಿಯಾಗಿದ್ದು ಕಾಲು ಬಿಳಿಯಾಗಿರುವ ಹೇಂಟೆ ಬಹಳ ಕಾಲ ಇಟ್ಟು ಈಗಷ್ಟೇ ನಿಲ್ಲಿಸಿದೆ ಎಂದು ತಿಳಿಯಬೇಕು. ಮಿರಮಿರ ಮಿಂಚುವ ಹೊಸ ಗರಿ, ಹಳದಿ ಕಾಲಿನ ಅಂದದ ಹೇಂಟೆ ಈ ಸ್ಪರ್ಧೆಯಲ್ಲಿ ಕೊನೆಗೆ ಬೀಳುತ್ತದೆ, ಏಕೆಂದರೆ ಅದು ಮೊಟ್ಟೆ ಬಿಟ್ಟು ಗರಿ ಬದಲಿಸುವುದರಲ್ಲಿ ಕಾಲ ಕಳೆದಿದೆ. ತಳಿ ವಿಭಾಗದ ಕಣ್ಣಿಗೂ ಈ ಕಣ್ಣಿಗೂ ಇರುವ ಅಂತರ ಇಲ್ಲಿ ಅತ್ಯಂತ ಸ್ಪಷ್ಟ.

ಈ ನೋಡುವ ವಿದ್ಯೆಗೆ ಪ್ರತ್ಯೇಕ ಸ್ಪರ್ಧೆಗಳೂ ಇವೆ. ಪ್ರತಿ ನವೆಂಬರಿನಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಸೇರುವ ರಾಷ್ಟ್ರೀಯ ಫೋರ್-ಎಚ್ ಕೋಳಿ ಮತ್ತು ಮೊಟ್ಟೆ ಸಮ್ಮೇಳನದಲ್ಲಿ ರಾಜ್ಯಗಳಿಂದ ಗೆದ್ದು ಬಂದ ಮಕ್ಕಳು ತಾವೇ ತೀರ್ಪುಗಾರರಾಗಿ ಹೇಂಟೆಗಳನ್ನು, ಶುಚಿಗೊಳಿಸಿದ ಮಾಂಸವನ್ನು, ದೀಪಕ್ಕೆ ಹಿಡಿದು ನೋಡಿದ ಮೊಟ್ಟೆಗಳನ್ನು ದರ್ಜೆಗೆ ಇಳಿಸುತ್ತಾರೆ. ಮೊಟ್ಟೆಯ ದಪ್ಪ ತುದಿಯ ಗಾಳಿಕೋಶದ ಆಳ ಸುಮಾರು 3 ಮಿಲಿಮೀಟರ್ ಮೀರಿದರೆ ಅದು ಅತ್ಯುನ್ನತ ದರ್ಜೆಯಿಂದ ಕೆಳಗಿಳಿಯುತ್ತದೆ. ಹೇಂಟೆಗಳಿಗೆ ಕೊಟ್ಟ ಸ್ಥಾನಕ್ಕೆ ಬಾಯಿಮಾತಿನಲ್ಲಿ ಕಾರಣವನ್ನೂ ಕೊಡಬೇಕು. ಇದಲ್ಲದೆ ಪ್ರತಿ ಮಗು ಮನೆಯಲ್ಲಿ ಒಂದು ದಾಖಲೆ ಪುಸ್ತಕ ಇಡಬೇಕಾಗುತ್ತದೆ. ಮರಿಯ ಬೆಲೆ, ಮೇವಿನ ಚೀಲ, ಸತ್ತವು, ಉಳಿದವು, ಒಂದು ಕೆ.ಜಿ. ತೂಕಕ್ಕೆ ತಗುಲಿದ ಮೇವು ಎಲ್ಲವೂ ಅದರಲ್ಲಿ ಬರಬೇಕು. ಹೆಚ್ಚಿನ ಪುಸ್ತಕಗಳ ಕೊನೆಯ ಸಾಲು ನಷ್ಟವನ್ನೇ ತೋರಿಸುತ್ತದೆಂಬುದು ಈ ವಲಯದ ಬಲ್ಲವರಿಗೆಲ್ಲ ಗೊತ್ತಿರುವ ಗುಟ್ಟು.

ನೂರಾರು ಮನೆಗಳ ಹಕ್ಕಿಗಳನ್ನು ಒಂದೇ ಕೊಟ್ಟಿಗೆಗೆ ತರುವುದು ರೋಗಕ್ಕೆ ಆಹ್ವಾನ ಎಂಬ ಭಯ ಇತ್ತೀಚಿನ ವರ್ಷಗಳಲ್ಲಿ ನಿಜವಾಗಿದೆ. 2015ರಲ್ಲಿ ಹಕ್ಕಿಜ್ವರದಿಂದಾಗಿ ಅಮೆರಿಕದಲ್ಲಿ ಸುಮಾರು 5 ಕೋಟಿ ಕೋಳಿ, ಟರ್ಕಿಗಳು ನಾಶವಾದಾಗ ಅಯೋವಾ, ಮಿನ್ನೆಸೋಟಾ ಮುಂತಾದ ರಾಜ್ಯಗಳು ಜೀವಂತ ಹಕ್ಕಿಗಳ ಪ್ರದರ್ಶನವನ್ನೇ ನಿಲ್ಲಿಸಿದವು. 2022ರ ಫೆಬ್ರವರಿಯಲ್ಲಿ ಇಂಡಿಯಾನಾದ ಟರ್ಕಿ ಫಾರಂ ಒಂದರಲ್ಲಿ ಕಾಣಿಸಿಕೊಂಡ ಮತ್ತೊಂದು ಅಲೆಯಲ್ಲೂ ಹಲವು ರಾಜ್ಯಗಳು ಅದೇ ಹಾದಿ ಹಿಡಿದವು. ಅಂಥ ವರ್ಷಗಳಲ್ಲಿ ಮಕ್ಕಳು ಭಿತ್ತಿಪತ್ರ, ಛಾಯಾಚಿತ್ರಗಳನ್ನು ಇಟ್ಟುಕೊಂಡು, ಕೆಲವೆಡೆ ಆಟಿಕೆಯ ಕೋಳಿಯನ್ನೇ ಹಿಡಿದು ಶೋಮನ್‌ಶಿಪ್ ಪ್ರಶ್ನೆಗಳಿಗೆ ಉತ್ತರಿಸಿದರು. ಹಕ್ಕಿಯಿಲ್ಲದೆಯೂ ಆ ವಿಭಾಗ ನಡೆಯಬಲ್ಲದೆಂಬುದು, ಅಲ್ಲಿ ಅಳೆಯುತ್ತಿದ್ದದ್ದು ಏನನ್ನು ಎಂಬುದಕ್ಕೆ ಬೇಡದೆ ಬಂದ ಪುರಾವೆಯಾಯಿತು.

ಪ್ರದರ್ಶನ ನಡೆದ ವರ್ಷಗಳಲ್ಲಿ ಮನೆಗೆ ಮರಳಿದ ಹಕ್ಕಿಯನ್ನು ಗೆದ್ದಿರಲಿ ಸೋತಿರಲಿ ನೇರವಾಗಿ ಹಿಂಡಿಗೆ ಬಿಡುವಂತಿಲ್ಲ. ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ ಅದನ್ನು ಬೇರೆ ಕಡೆ ಇಡಬೇಕು. ಅದರ ನೀರಿನ ಪಾತ್ರೆ, ಮೇವಿನ ತಟ್ಟೆ ಬೇರೆಯಾಗಿರಬೇಕು. ಬೆಳಗ್ಗೆ ಮೊದಲು ಮನೆಯ ಹಿಂಡಿಗೆ ಮೇವು ಹಾಕಿ, ಜಾತ್ರೆಯಿಂದ ಬಂದ ಹಕ್ಕಿಯ ಹತ್ತಿರ ಕೊನೆಗೆ ಹೋಗಿ, ಬೂಟು ಬದಲಿಸಿ, ಕೈ ತೊಳೆದುಕೊಂಡು ಮನೆಯೊಳಗೆ ಬರಬೇಕು. ಹಕ್ಕಿ ಸೀನುತ್ತಿಲ್ಲ, ಮೇವು ಬಿಟ್ಟಿಲ್ಲ, ಹಿಕ್ಕೆ ಸರಿಯಾಗಿದೆ ಎಂದು ಆ ಅವಧಿಯ ಪ್ರತಿ ದಿನವೂ ನೋಡಿ, ದಾಖಲೆ ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಟ್ಟ ಮೇಲಷ್ಟೇ ಅದು ಹಳೆಯ ಜೊತೆಗಾರರ ನಡುವೆ ಹೋಗುತ್ತದೆ.